ಲೋಹ ಕರಗುವ ಬಿಸಿಯಲ್ಲಿ ತಿರುಗುವ ಚಕ್ರ

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ತೇಜಸ್ ವಿಮಾನ ನಮ್ಮದು. ಆದರೆ ಅದರ ಎಂಜಿನ್ ಅಮೆರಿಕದ್ದು. ವಿಮಾನ ಕಟ್ಟಬಲ್ಲವರಿಗೆ ಎಂಜಿನ್ ಏಕೆ ಕಷ್ಟ? ಉತ್ತರವನ್ನು ರಾಯಚೂರಿನಿಂದಲೇ ಆರಂಭಿಸೋಣ.

ದೇವದುರ್ಗದಲ್ಲೋ ಮಾನ್ವಿಯಲ್ಲೋ ಓದುತ್ತಿರುವ ನೀವು ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರವನ್ನು ಬಲ್ಲಿರಿ. 1985ರಲ್ಲಿ ಆರಂಭವಾದ ಈ ಕೇಂದ್ರದಲ್ಲಿ ಕಲ್ಲಿದ್ದಲು ಉರಿಸಿ ನೀರನ್ನು ಹಬೆ ಮಾಡುತ್ತಾರೆ. ಸುಮಾರು 540 ಡಿಗ್ರಿ ಸೆಲ್ಸಿಯಸ್ ಬಿಸಿಯ ಹಬೆ ಟರ್ಬೈನಿನ ಬ್ಲೇಡುಗಳಿಗೆ, ಅಂದರೆ ಅಲಗುಗಳಿಗೆ ಬಡಿದು, ಅದನ್ನು ನಿಮಿಷಕ್ಕೆ 3000 ಸುತ್ತು ತಿರುಗಿಸುತ್ತದೆ.

ಜೆಟ್ ಎಂಜಿನ್ನಿನಲ್ಲೂ ಟರ್ಬೈನ್ ಉಂಟು. ಮುಂಭಾಗದ ಕಂಪ್ರೆಸರ್ ಗಾಳಿಯನ್ನು ಒತ್ತುತ್ತದೆ. ದಹನ ಕೋಣೆಯಲ್ಲಿ ಇಂಧನ ಉರಿಯುತ್ತದೆ. ಬಿಸಿ ಅನಿಲ ಟರ್ಬೈನನ್ನು ತಿರುಗಿಸಿ ಹಿಂದಕ್ಕೆ ಚಿಮ್ಮುತ್ತದೆ. ವಿಮಾನ ಮುಂದಕ್ಕೆ ಸಾಗುತ್ತದೆ. ಆದರೆ ಯುದ್ಧವಿಮಾನದ ಎಂಜಿನ್ನಿನಲ್ಲಿ ಈ ಅನಿಲದ ಬಿಸಿ 1400 ಡಿಗ್ರಿ ಮೀರುತ್ತದೆ. ಅಲಗಿನ ನಿಕಲ್ ಮಿಶ್ರಲೋಹ ಅದಕ್ಕಿಂತ ಕಡಿಮೆ ಬಿಸಿಯಲ್ಲೇ ಕರಗುತ್ತದೆ!

ಹಾಗಾದರೆ ಅಲಗು ಉಳಿಯುವುದು ಹೇಗೆ? ಅದರೊಳಗೆ ಸಣ್ಣ ಕಾಲುವೆಗಳಿರುತ್ತವೆ. ಕಂಪ್ರೆಸರಿನಿಂದ ತಂದ ಗಾಳಿ ಅವುಗಳಲ್ಲಿ ಹರಿದು, ಮೇಲ್ಮೈಯ ರಂಧ್ರಗಳಿಂದ ಹೊರಬಂದು, ಅಲಗಿಗೆ ಹೊದಿಕೆಯಾಗುತ್ತದೆ. ಇದೂ ಸಾಲದು. ಸಾಧಾರಣ ಲೋಹ ಅಸಂಖ್ಯ ಸಣ್ಣ ಹರಳುಗಳ ರಾಶಿ. ಬಿಸಿಯಲ್ಲಿ ಎಳೆತ ಹೆಚ್ಚಿದಾಗ ಹರಳುಗಳ ನಡುವಿನ ಗಡಿ ಸಡಿಲಗೊಳ್ಳುತ್ತದೆ. ಆದ್ದರಿಂದ ಇಡೀ ಅಲಗನ್ನೇ ಒಂದು ಹರಳಾಗಿ ಎರಕ ಹೊಯ್ಯುತ್ತಾರೆ. ಈ ವಿದ್ಯೆ ಬಲ್ಲ ದೇಶಗಳು ಬೆರಳೆಣಿಕೆಯಷ್ಟು. ಅವು ಅದನ್ನು ಸುಲಭವಾಗಿ ಹಂಚಿಕೊಳ್ಳುವುದಿಲ್ಲ.

ಇದರ ಬೆಲೆಯನ್ನು ಬೆಂಗಳೂರು ತೆತ್ತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿದ ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಹಾರಿತು. ಶಬ್ದದ ಎರಡು ಪಟ್ಟು ವೇಗ ಅದರ ಗುರಿ. ತಕ್ಕ ಎಂಜಿನ್ ದೊರೆಯಲಿಲ್ಲ. ಬ್ರಿಟಿಷ್ ಪರವಾನಗಿಯಲ್ಲಿ ಇಲ್ಲೇ ತಯಾರಾದ ಎರಡು ಆರ್ಫಿಯಸ್ ಎಂಜಿನ್‌ಗಳೊಂದಿಗೆ ಅದು ಶಬ್ದದ ವೇಗದ ಆಸುಪಾಸಿನಲ್ಲೇ ನಿಂತಿತು. ಪರವಾನಗಿ ಪಡೆದು ತಯಾರಿಸುವುದು ಬೇರೆ, ವಿನ್ಯಾಸ ಮಾಡುವುದು ಬೇರೆ. ನಕ್ಷೆ ಕೈಗೆ ಬರುತ್ತದೆ. ಅದರ ಹಿಂದಿನ 'ಏಕೆ' ಎಂಬುದು ಬರುವುದಿಲ್ಲ.

ಆ 'ಏಕೆ'ಯನ್ನು ಕಲಿಯಲು ಬೆಂಗಳೂರಿನ ಜಿಟಿಆರ್‌ಇ ಪ್ರಯೋಗಾಲಯ ತೇಜಸ್‌ಗಾಗಿ ಕಾವೇರಿ ಎಂಜಿನ್ ಕೈಗೆತ್ತಿಕೊಂಡಿತು. ಬೇಕಾದಷ್ಟು ನೂಕುಬಲ ಬರಲಿಲ್ಲ. 2008ರಲ್ಲಿ ಅದನ್ನು ತೇಜಸ್ ಯೋಜನೆಯಿಂದ ಬೇರ್ಪಡಿಸಲಾಯಿತು. ಕಲಿಕೆ ಮಾತ್ರ ನಿಲ್ಲಲಿಲ್ಲ. 2021ರಲ್ಲಿ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯವು ಹೆಲಿಕಾಪ್ಟರ್ ಎಂಜಿನ್ನಿಗಾಗಿ 60 ಏಕಹರಳಿನ ಅಲಗುಗಳನ್ನು ಎಚ್‌ಎಎಲ್‌ಗೆ ಒಪ್ಪಿಸಿತು.

ಮುಂದೆ ಶಕ್ತಿನಗರಕ್ಕೆ ಶೈಕ್ಷಣಿಕ ಪ್ರವಾಸ ಹೋದರೆ ಅಲ್ಲಿನ ಎಂಜಿನಿಯರರನ್ನು ಕೇಳಿ: "ಹಬೆಯ ಬಿಸಿಯನ್ನು ಇನ್ನೂ ಏಕೆ ಏರಿಸುವುದಿಲ್ಲ?" ಅವರ ಉತ್ತರದಲ್ಲೂ ಲೋಹದ ಮಾತು ಬಂದೇ ಬರುತ್ತದೆ.