ರೈಟ್ ಆಫ್ ಅಂದ್ರ ಸಾಲ ಮನ್ನಾ ಅಲ್ರಿ

‘ಸಾಲ ರೈಟ್ ಆಫ್’ ಅಂತ ಸುದ್ದಿ ಓದಿ ಮನ್ನಾ ಆಯ್ತು ಅಂದ್ಕೊಳ್ಳೋರು ನಮ್ಮ ಗೊಬ್ಬೂರ ಕಡೆ ಭಾಳ ಮಂದಿ ಅದಾರ. ‘ರೈಟ್’ ಅಂದ್ರ ಬರೆ. ‘ಆಫ್’ ಸೇರಿದ ಕೂಡ್ಲೆ ಲೆಕ್ಕದಿಂದ ತೆಗೆ ಅಂತಾಗ್ತದ. ಆದ್ರ ಯಾರ ಲೆಕ್ಕದಿಂದ? ವಸೂಲಾಗದ ಸಾಲವನ್ನು ಬ್ಯಾಂಕು ತನ್ನ ಪುಸ್ತಕದಿಂದ ತೆಗೀತದ, ಅಷ್ಟೇ. ಸಾಲಗಾರನ ಬಾಕಿ ಹಂಗೇ ಇರ್ತದ. ನೋಟಿಸು ಬರಬಹುದು, ಸಿಬಿಲ್ ವರದಿಯೊಳಗ ‘ರಿಟನ್ ಆಫ್’ ಅಂತ ಕೂತು ಮುಂದಿನ ಸಾಲಕ್ಕೂ ಅಡ್ಡ ಬರ್ತದ. 2018ರಲ್ಲಿ ಕುಮಾರಸ್ವಾಮಿ ಸರ್ಕಾರ ಘೋಷಿಸಿದ್ದು ಮನ್ನಾ, ಅಂದ್ರ ‘ವೇವ್’: ರೈತನ ಬದಲು ಸರ್ಕಾರ ಕಟ್ಟೋದು. ಅಪಘಾತದಾಗ ನುಜ್ಜುಗುಜ್ಜಾದ ಬೈಕಿಗೂ ರೈಟ್ ಆಫ್ ಅಂತಾರ, ರಿಪೇರಿ ಮಾಡಿ ಉಪಯೋಗಿಲ್ಲ ಅಂತ. ಇವನಿಂದ ಏನೂ ಆಗಲ್ಲ ಅಂತ ಮನುಷ್ಯನ್ನ ಕೈಬಿಡೋದಕ್ಕೂ ಅದೇ ಮಾತು. ಇನ್ನು ಯಾರಾದ್ರೂ ನಿಮ್ಮ ಸಾಲ ರೈಟ್ ಆಫ್ ಆಗ್ಯಾದ ಅಂದ್ರ, ನೋ ಡ್ಯೂ ಸರ್ಟಿಫಿಕೇಟ್ ಕೊಡ್ತೀರೇನು ಅಂತ ಬ್ಯಾಂಕಿನಾಗ ಕೇಳಿ ನೋಡ್ರಿ.