ಗಾಲಿ ಬದಲಾದರೆ ಬ್ರೇಕಿನ ಲೆಕ್ಕವೂ ಬದಲು

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಳೇ ಸೈಕಲ್ಲಿಗೆ ಇನ್ನೂ ಕೈತುಂಬ ಕೆಲಸವಿದೆ. ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತು ಹೊಲಕ್ಕೂ ಮನೆಗೂ ಓಡಾಡುವ ಅಟ್ಲಾಸ್, ಹೀರೊ, ಹರ್ಕ್ಯುಲಸ್ ಸೈಕಲ್ಲುಗಳ ಫ್ರೇಮು ಗಟ್ಟಿ. ಮೊದಲು ಸೋಲುವುದು ಗಾಲಿ. ರಿಮ್ಮಿಗೆ ತುಕ್ಕು ಹಿಡಿದು ಕಡ್ಡಿಗಳು ಒಂದೊಂದಾಗಿ ಮುರಿಯತೊಡಗಿದಾಗ ಹಿತ್ತಲಲ್ಲಿ ಬಿದ್ದಿರುವ ಇನ್ನೊಂದು ಸೈಕಲ್ಲು ನೆನಪಾಗುತ್ತದೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲಂತೂ ಇಂಥ ಎರಡನೇ ಸೈಕಲ್ಲು ಬಡವರ ಮನೆಗೂ ಬಂದಿತು. ಅದರ ಗಾಲಿ ಬಿಚ್ಚಿ ತಂದವರು ಸೈಕಲ್ ಅಂಗಡಿಯಲ್ಲಿ ಕೇಳುವ ಮಾತು ಒಂದೇ: ‘ಅಣ್ಣಾ, ಈ ಗಾಲಿ ಇದಕ್ಕ ಕುಂದರ್ತೈತೇನು?’

ಕೂರುತ್ತದೆಯೇ ಎನ್ನುವುದು ಅರ್ಧ ಪ್ರಶ್ನೆ. ಕೂತ ಗಾಲಿಯನ್ನು ಬ್ರೇಕು ಹಿಡಿಯುತ್ತದೆಯೇ ಎನ್ನುವುದು ಉಳಿದರ್ಧ. ಎರಡಕ್ಕೂ ಉತ್ತರ ಬಲ್ಲವನೇ ನಿಜವಾದ ಮೇಸ್ತ್ರಿ.

ಇಂಚನ್ನು ನಂಬುವಂತಿಲ್ಲ

ಟೈರಿನ ಮೇಲಿರುವ ಇಂಚಿನ ಲೆಕ್ಕ ಅಂದಾಜಿನದು. ದೊಡ್ಡವರ ಹಳೇ ಸೈಕಲ್ಲಿನ ‘28 x 1 1/2’ ಟೈರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ 635 ಮಿಲಿಮೀಟರ್. ‘26’ ಎಂದರೆ ಒಂದೇ ಅಳತೆ ಅಲ್ಲ: ‘26 x 1 3/8’ ಆದರೆ 590, ‘26 x 1 1/2’ ಆದರೆ 584, ದಪ್ಪ ಟೈರಿನ ಎಂಟಿಬಿ ಸೈಕಲ್ಲಿನ 26 ಆದರೆ 559. ಮೂರೂ ‘ಇಪ್ಪತ್ತಾರೇ’, ಆದರೆ ಒಂದರ ಟೈರು ಇನ್ನೊಂದರ ರಿಮ್ಮಿಗೆ ಹೊಂದುವುದಿಲ್ಲ. ಟೈರಿನ ಪಕ್ಕದಲ್ಲಿ ‘40-635’, ‘37-590’ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುವ ಅಂಕಿಯನ್ನೇ ನಂಬಬೇಕು. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಅಳತೆ.

635ರ ಜಾಗಕ್ಕೆ 590 ಹಾಕಿದರೆ ರಿಮ್ಮಿನ ಅಂಚು 22.5 ಮಿಲಿಮೀಟರ್ ಒಳಕ್ಕೆ ಸರಿಯುತ್ತದೆ. 559 ಹಾಕಿದರೆ 38. ಬ್ರೇಕ್ ರಬ್ಬರು ಮೊದಲಿನ ಜಾಗದಲ್ಲೇ ಇದ್ದರೆ ಅದು ಹಿಡಿಯುವುದು ರಿಮ್ಮನ್ನಲ್ಲ, ಟೈರನ್ನು. ದಿನವೂ ಉಜ್ಜಿಸಿಕೊಂಡ ಟೈರು ಒಂದು ದಿನ ಸೀಳಿ ಟ್ಯೂಬು ಒಡೆಯುತ್ತದೆ. ಇಳಿಜಾರಿನಲ್ಲಿ, ಹಿಂದೆ ಹೊರೆ ಇದ್ದಾಗ ಹೀಗಾದರೆ ಪ್ರಾಣಕ್ಕೇ ಸಂಚಕಾರ.

ರಾಡ್ ಬ್ರೇಕಿನ ಗುಟ್ಟು

ಹಳೇ ಸೈಕಲ್ಲುಗಳದು ರಾಡ್ ಬ್ರೇಕು. ಹಿಡಿ ಒತ್ತಿದರೆ ಕಬ್ಬಿಣದ ಸರಳು ಮೇಲಕ್ಕೆ ಎಳೆದು, ಕುದುರೆ ಲಾಳದಂಥ ಪಟ್ಟಿಯಲ್ಲಿ ಕೂತ ರಬ್ಬರು ತುಂಡುಗಳನ್ನು ರಿಮ್ಮಿನ ಒಳಮೈಗೆ, ಅಂದರೆ ಕಡ್ಡಿ ಇರುವ ಕಡೆಗೆ, ಒತ್ತುತ್ತದೆ. ಅದಕ್ಕೆಂದೇ ವೆಸ್ಟ್‌ವುಡ್ ಎಂಬ ರಿಮ್ಮಿನ ಒಳಮೈಯಲ್ಲಿ ಎರಡೂ ಕಡೆ ಉರುಟಾದ ಜಾಗ ಬಿಟ್ಟಿರುತ್ತಾರೆ. ಈಗಿನ ಕೇಬಲ್ ಬ್ರೇಕು ಹಾಗಲ್ಲ. ರಿಮ್ಮನ್ನು ಎರಡು ಪಕ್ಕದಿಂದ ಚಿವುಟಿ ಹಿಡಿಯುತ್ತದೆ. ಅದಕ್ಕೆ ಚಪ್ಪಟೆ ಪಕ್ಕದ ರಿಮ್ಮೇ ಬೇಕು. ವೆಸ್ಟ್‌ವುಡ್ ರಿಮ್ಮಿಗೆ ಕೇಬಲ್ ಬ್ರೇಕು, ಚಪ್ಪಟೆ ರಿಮ್ಮಿಗೆ ರಾಡ್ ಬ್ರೇಕು – ಎರಡೂ ಸರಿಹೋಗದ ಜೋಡಿ.

ಹೀಗಾಗಿ ದಾರಿ ಮೂರು. 26 x 1 3/8ರಲ್ಲೇ ವೆಸ್ಟ್‌ವುಡ್ ರಿಮ್ಮು ಸಿಕ್ಕರೆ ರಾಡನ್ನು ಉದ್ದ ಮಾಡಿ ಪಟ್ಟಿಯನ್ನು ಕೆಳಗಿಳಿಸಿದರಾಯಿತು, ಹಳೇ ಬ್ರೇಕೇ ನಡೆಯುತ್ತದೆ. ಚಪ್ಪಟೆ ರಿಮ್ಮಾದರೆ ಕೇಬಲ್ಲಿನಿಂದ ಎಳೆದು ಪಕ್ಕದಿಂದ ಚಿವುಟುವ, ಉದ್ದ ತೋಳಿನ ಕ್ಯಾಲಿಪರ್ ಬ್ರೇಕು ಬೇಕು. ಫೋರ್ಕಿನ ತೂತಿನಿಂದ ರಿಮ್ಮಿನ ಪಕ್ಕದ ನಡುಮಧ್ಯದವರೆಗೆ ಅಳೆದೇ ಅದನ್ನು ಕೊಳ್ಳಬೇಕು. ಎರಡೂ ಆಗದಿದ್ದರೆ ಹಬ್ಬಿನೊಳಗೇ ಹಿಡಿಯುವ ಡ್ರಮ್ ಬ್ರೇಕು. ಅದಕ್ಕೆ ರಿಮ್ಮಿನ ಅಳತೆಯ ಹಂಗಿಲ್ಲ, ಆದರೆ ಅದರ ತೋಳನ್ನು ಫ್ರೇಮಿಗೋ ಫೋರ್ಕಿಗೋ ಭದ್ರವಾಗಿ ಬಿಗಿಯಲೇಬೇಕು. ವಿ-ಬ್ರೇಕು ಹಾಕುವ ಆಸೆ ಇದ್ದವರು ಎರಡು ಮಾತು ನೆನಪಿಡಬೇಕು: ಅದಕ್ಕೆ ಫೋರ್ಕಿನಲ್ಲಿ ಬೆಸೆದ ಗೂಟಗಳಿರಬೇಕು, ಕ್ಯಾಲಿಪರಿಗಿಂತ ಸುಮಾರು ಎರಡು ಪಟ್ಟು ಕೇಬಲ್ ಎಳೆಯುವ ಹಿಡಿಯೂ ಬೇಕು.

ಕಟ್ಟುವ ಕೈ

ಹಳೇ ಹಬ್ಬನ್ನೇ ಉಳಿಸಿಕೊಂಡು ಚಿಕ್ಕ ರಿಮ್ಮು ಕಟ್ಟುವುದಾದರೆ ಕಡ್ಡಿಗಳೂ ಗಿಡ್ಡ ಆಗಬೇಕು, ತೂತುಗಳ ಸಂಖ್ಯೆಯೂ ಹೊಂದಬೇಕು. ಹಳೇ ದೊಡ್ಡ ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ. ಹೊಸವುಗಳಲ್ಲಿ ಎರಡೂ ಕಡೆ 36 ಇರುವುದುಂಟು. ಮೇಸ್ತ್ರಿ ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿ ನಿಪ್ಪಲ್ಲುಗಳನ್ನು ಮೊದಲು ಸಡಿಲವಾಗಿಯೇ ಏರಿಸುತ್ತಾನೆ. ಆಮೇಲೆ ಗಾಲಿ ತಿರುಗಿಸಿ ಸೀಮೆಸುಣ್ಣದ ತುಂಡನ್ನು ರಿಮ್ಮಿನ ಹತ್ತಿರ ಹಿಡಿಯುತ್ತಾನೆ. ಉಬ್ಬಿದ ಕಡೆ ಮಾತ್ರ ಗೆರೆ ಬೀಳುತ್ತದೆ. ಅಲ್ಲಿಯ ಕಡ್ಡಿಯನ್ನು ಸ್ವಲ್ಪ ಸಡಿಲಿಸಿ, ಎದುರು ಬದಿಯದನ್ನು ಅಷ್ಟೇ ಬಿಗಿದು ಬೆಂಡ್ ತೆಗೆಯುತ್ತಾನೆ. ಬೆರಳಿನಿಂದ ಮೀಟಿದರೆ ಒಂದು ಬದಿಯ ಕಡ್ಡಿಗಳೆಲ್ಲ ಸರಿಸುಮಾರು ಒಂದೇ ದನಿ ಕೊಡಬೇಕು.

ಚಿಕ್ಕ ಗಾಲಿಗೆ ಲಾಭವೂ ಉಂಟು, ನಷ್ಟವೂ ಉಂಟು. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಜಾಗ ಹೆಚ್ಚುವುದರಿಂದ ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡು ಗಾಲಿ ನಿಲ್ಲುವ ಕಾಟ ಕಡಿಮೆ. ಆದರೆ ಎರಡೂ ಗಾಲಿ ಚಿಕ್ಕದಾದರೆ ಪೆಡಲ್ಲು ನೆಲಕ್ಕೆ ಅಷ್ಟು ಹತ್ತಿರವಾಗಿ ತಿರುವಿನಲ್ಲಿ ಕಲ್ಲಿಗೆ ತಾಗುತ್ತದೆ. ಮುಂದಿನದೊಂದನ್ನೇ ಬದಲಿಸಿದರೆ ಸೈಕಲ್ಲು ಮುಂದಕ್ಕೆ ಬಾಗಿ ಹ್ಯಾಂಡಲ್ಲಿನ ಹಿಡಿತವೇ ಬೇರೆಯಾಗುತ್ತದೆ. ಹಾನಗಲ್ ಕಡೆಯ ಜಿಟಿಜಿಟಿ ಮಳೆಯಲ್ಲಿ ಇನ್ನೊಂದು ಅಪಾಯವಿದೆ: ಹೊಳಪು ಲೇಪದ ಸ್ಟೀಲ್ ರಿಮ್ಮು ಒದ್ದೆಯಾದರೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ರಿಮ್ಮು ಈ ವಿಷಯದಲ್ಲಿ ಎಷ್ಟೋ ಮೇಲು.

1951ರಲ್ಲಿ ಶುರುವಾದ ಅಟ್ಲಾಸ್ ಕಂಪನಿ ಸಾಹಿಬಾಬಾದ್‌ನ ಕಾರ್ಖಾನೆಯನ್ನು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ನಿಲ್ಲಿಸಿತು. ಕಾರ್ಖಾನೆ ನಿಂತರೂ ಅದರ ಸೈಕಲ್ಲು ಓಡುತ್ತಿದ್ದರೆ ಅದಕ್ಕೆ ಕಾರಣ ಇಂಥ ಮೇಸ್ತ್ರಿಗಳು. ಪಂಚರ್ ತಿದ್ದುವುದನ್ನು ಯಾರು ಬೇಕಾದರೂ ಬೇಗ ಕಲಿಯಬಹುದು. ರಿಮ್ಮು ನೋಡಿ ಬ್ರೇಕು ಹೇಳುವ ಕಣ್ಣು ವರ್ಷಗಟ್ಟಲೆ ಕೆಲಸದಿಂದ ಬರುತ್ತದೆ. ನಮ್ಮ ಐಟಿಐಗಳು ಈ ಲೆಕ್ಕವನ್ನು ಬರೆದಿಟ್ಟು ಹುಡುಗರಿಗೆ ಕಲಿಸಬೇಕು. ಗಾಲಿ ಕಟ್ಟಿಸಿಕೊಳ್ಳುವ ನಾವು ಸಾಮಾನಿನ ಬೆಲೆಯ ಜೊತೆ ಆ ತಿಳಿವಳಿಕೆಗೂ ತಕ್ಕ ಕೂಲಿ ಕೊಡಬೇಕು. ಕಟ್ಟಿದ ಗಾಲಿಯನ್ನು ಅಂಗಡಿಯ ಮುಂದೆಯೇ ಒಂದು ಸುತ್ತು ಓಡಿಸಿ, ಎರಡೂ ಬ್ರೇಕು ಬೇರೆಬೇರೆಯಾಗಿ ಹಿಡಿದು ನೋಡಿ, ಆಮೇಲೆ ಹೊರೆ ಹೇರಬೇಕು.