ಪ್ರತಿ ವರ್ಷ ಗ್ಯಾಸ್ ತುಂಬಿಸೋದು ಯಾಕೆ? ಕಾರ್ ಎಸಿ ಸೋರಿಕೆ ಹುಡುಕುವ ಬಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಕಾರಿನ ಎಸಿ. "ಮಲೆನಾಡಲ್ಲಿ ಇರೋರಿಗೆ ಎಸಿ ಯಾಕೆ ಮಾರಾಯ್ರೇ, ಕಿಟಕಿ ಇಳಿಸಿದ್ರೆ ಸಾಕಲ್ಲ" ಅಂತ ಕೇಳೋರು ಇದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ವಜ್ರಳ್ಳಿ ಕಡೆಯಿಂದ ಹೊರಟು ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಹೋಗೋರಿಗೆ ಉತ್ತರ ಗೊತ್ತು. ಆದ್ರೆ ಎಸಿ ನಿಜವಾಗಿ ಬೇಕಾಗೋದು ಜುಲೈನಲ್ಲಿ. ಜೋರು ಮಳೆ, ಕಾರಲ್ಲಿ ನಾಲ್ಕು ಜನ, ಒದ್ದೆ ಕೊಡೆ, ಒದ್ದೆ ಚಪ್ಪಲಿ. ಎರಡೇ ನಿಮಿಷಕ್ಕೆ ಮುಂದಿನ ಗಾಜು ಒಳಗಿನಿಂದ ಮಂಜಾಗುತ್ತೆ. ಎದುರಿಂದ ಲಾರಿ ಬರ್ತಾ ಇರುತ್ತೆ. ಎಸಿ ಒಳಗಿನ ಗಾಳಿಯ ತೇವ ಹೀರಿ ಗಾಜನ್ನು ಬೇಗ ತಿಳಿ ಮಾಡುತ್ತೆ. ಹಾಗಾಗಿ ನಮ್ಮ ಕಡೆ ಎಸಿ ಅನ್ನೋದು ಸುಖದ ಮಾತಷ್ಟೇ ಅಲ್ಲ, ಸುರಕ್ಷತೆಯ ಮಾತೂ ಹೌದು.

ಎಸಿ ತಂಪು ಕೊಡ್ತಿಲ್ಲ ಅಂದ್ರೆ ನಾವು ಏನು ಮಾಡ್ತೇವೆ? ಪೇಟೆಗೆ ಹೋಗಿ "ಗ್ಯಾಸ್ ಖಾಲಿಯಾಗಿದೆ, ತುಂಬಿಸ್ಕೊಡಿ" ಅಂತೇವೆ. ಅವರು ತುಂಬಿಸ್ತಾರೆ, ನಾವು ದುಡ್ಡು ಕೊಡ್ತೇವೆ. ಮುಂದಿನ ಬೇಸಿಗೆಗೆ ಮತ್ತದೇ ಕತೆ.

ಗ್ಯಾಸ್ ಖರ್ಚಾಗುವ ವಸ್ತು ಅಲ್ಲ

ಮೊದಲು ಇದೊಂದು ಸ್ಪಷ್ಟ ಆಗ್ಬೇಕು. ಪೆಟ್ರೋಲ್ ಉರಿದು ಹೋಗುತ್ತೆ, ಎಸಿ ಗ್ಯಾಸ್ ಉರಿಯೋದಿಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಾ ಇರುತ್ತೆ. ಕಂಪ್ರೆಸರ್ ಅದನ್ನು ಒತ್ತುತ್ತೆ. ಮುಂದೆ ರೇಡಿಯೇಟರ್ ಎದುರಿಗಿರೋ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ದ್ರವ ಆಗುತ್ತೆ. ಎಕ್ಸ್‌ಪಾನ್ಶನ್ ವಾಲ್ವ್ ದಾಟಿದ ಮೇಲೆ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗಿ, ನಮ್ಮ ಗಾಳಿಯ ಶಾಖ ಹೀರಿಕೊಳ್ಳುತ್ತೆ. ಮತ್ತೆ ಕಂಪ್ರೆಸರ್‌ಗೆ ವಾಪಸ್.

ಸಣ್ಣ ಕಾರುಗಳಲ್ಲಿ ಈ ಗ್ಯಾಸ್ ಸಾಮಾನ್ಯವಾಗಿ ಅರ್ಧ ಕಿಲೋಗಿಂತ ಕಡಿಮೆ. ಸರಿಯಾದ ತೂಕ ಬಾನೆಟ್ ಒಳಗಿನ ಸ್ಟಿಕ್ಕರ್ ಮೇಲೆ ಗ್ರಾಂ ಲೆಕ್ಕದಲ್ಲಿ ಇರುತ್ತೆ. ರಬ್ಬರ್ ಹೋಸ್, ಸೀಲುಗಳ ಮೂಲಕ ವರ್ಷಗಟ್ಟಲೆಯಲ್ಲಿ ಸ್ವಲ್ಪ ಸ್ವಲ್ಪ ಹೋಗೋದು ಸಹಜ. ಆದ್ರೆ ಒಂದೇ ವರ್ಷದಲ್ಲಿ ತಂಪು ನಿಂತುಹೋಗಿದೆ ಅಂದ್ರೆ ಎಲ್ಲೋ ತೂತಿದೆ. ತೂತು ಮುಚ್ಚದೆ ಗ್ಯಾಸ್ ತುಂಬೋದು ಒಡಕು ಕೊಡಕ್ಕೆ ನೀರು ಹೊಯ್ದ ಹಾಗೆ.

ತಂಪಿಲ್ಲ ಅಂದ್ರೆ ಗ್ಯಾಸೇ ಇಲ್ಲ ಅಂತಲ್ಲ

ಗ್ಯಾರೇಜಿಗೆ ಹೋಗೋ ಮೊದಲು ಕೆಲವು ಸಂಗತಿ ನೀವೇ ನೋಡಬಹುದು. ಗಾಳಿಯೇ ಕಡಿಮೆ ಬರ್ತಿದ್ರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಮರದ ಕೆಳಗೆ ಕಾರ್ ನಿಲ್ಲಿಸೋ ನಮ್ಮಲ್ಲಿ ಅದರ ತುಂಬ ತರಗೆಲೆ, ಕೆಲವೊಮ್ಮೆ ಇಲಿ ಗೂಡು. ಕಾರ್ ಓಡುವಾಗ ತಂಪು ಇದ್ದು, ನಿಂತಾಗ ಹೋಗ್ತಿದ್ರೆ ಕಂಡೆನ್ಸರ್ ಫ್ಯಾನ್ ತಿರುಗ್ತಿದೆಯಾ ನೋಡಿ. ಕಂಡೆನ್ಸರ್ ಮೇಲೆ ಕೆಮ್ಮಣ್ಣು ಮೆತ್ತಿದ್ರೂ ತಂಪು ಇಳಿಯುತ್ತೆ. ಮೆಲ್ಲಗೆ ನೀರು ಹಾಯಿಸಿ ತೊಳೀಬೇಕು. ಜೋರು ಪ್ರೆಶರ್ ಬಿಟ್ರೆ ತೆಳು ರೆಕ್ಕೆಗಳು ಮಡಚಿ ಹೋಗ್ತವೆ. ಕಾರಿನ ಕೆಳಗೆ ನೀರು ತೊಟ್ಟಿಕ್ಕಿದ್ರೆ ಗಾಬರಿ ಬೇಡ. ಅದು ಕೂಲಿಂಗ್ ಕಾಯಿಲ್ ಹೀರಿದ ತೇವ. ಆ ನೀರು ಹೊರಗೆ ಹೋಗದೆ ಕಾರ್ಪೆಟ್ ಮೇಲೆ ಬಿದ್ರೆ ಡ್ರೈನ್ ಪೈಪ್ ಕಟ್ಟಿದೆ ಅಂತ ಅರ್ಥ, ಗ್ಯಾಸ್ ಸೋರಿಕೆ ಅಲ್ಲ.

ಸೋರಿಕೆಯ ಲಕ್ಷಣ ಬೇರೆ. ತಂಪು ವಾರ, ತಿಂಗಳ ಲೆಕ್ಕದಲ್ಲಿ ನಿಧಾನಕ್ಕೆ ಇಳಿಯುತ್ತೆ. ಕ್ಲಚ್ ಇರೋ ಕಂಪ್ರೆಸರ್ ಆದ್ರೆ 'ಟಕ್' ಅಂತ ಹಿಡಿದು ಕೆಲವೇ ಸೆಕೆಂಡಿಗೆ ಬಿಡುತ್ತೆ, ಮತ್ತೆ ಹಿಡಿಯುತ್ತೆ. ಒತ್ತಡ ತೀರಾ ಕಡಿಮೆ ಆದಾಗ ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸೇ ಬಿಡುತ್ತೆ. ಅದು ಒಳ್ಳೇದಕ್ಕೇ. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಗ್ಯಾಸ್ ಜೊತೆಯಲ್ಲೇ ಸುತ್ತೋದು. ಗ್ಯಾಸ್ ಇಲ್ಲದೆ ಓಡಿದ್ರೆ ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತೆ. ಹಾಗಾಗಿ ಆ ಸ್ವಿಚ್ ತಪ್ಪಿಸಿ ಡೈರೆಕ್ಟ್ ವಯರ್ ಕೊಡೋಕೆ ಯಾರೇ ಹೇಳಿದ್ರೂ ಒಪ್ಪಬೇಡಿ.

ಗೇಜ್ ಏನು ಹೇಳುತ್ತೆ

ಮೆಕ್ಯಾನಿಕ್ ನೀಲಿ, ಕೆಂಪು ಗೇಜ್ ಹಾಕ್ತಾರೆ. ನೀಲಿ ಕಡಿಮೆ ಒತ್ತಡದ ಕಡೆಗೆ, ಕೆಂಪು ಹೆಚ್ಚು ಒತ್ತಡದ ಕಡೆಗೆ. ಎಂಜಿನ್ ಬಹಳ ಹೊತ್ತು ನಿಂತಿದ್ದಾಗ ಎರಡೂ ಒಂದೇ ಅಂಕೆ ತೋರಿಸಬೇಕು. ಆರ್-134ಎ ಗ್ಯಾಸ್ ಇದ್ರೆ 30 ಡಿಗ್ರಿ ಹವೆಯಲ್ಲಿ ಅದು ಸುಮಾರು 95 ಪಿಎಸ್‌ಐ. 30, 40 ತೋರಿಸಿದ್ರೆ ಒಳಗೆ ಬಹುತೇಕ ಖಾಲಿ.

ಇಲ್ಲೊಂದು ಸೂಕ್ಷ್ಮ ಇದೆ. 95 ಇದ್ದ ಮಾತ್ರಕ್ಕೆ ಗ್ಯಾಸ್ ಪೂರ್ತಿ ಇದೆ ಅಂತಲ್ಲ. ಮನೆಯ ಅಡುಗೆ ಸಿಲಿಂಡರ್ ಹಾಗೇ ಇದು. ಒಳಗೆ ಸ್ವಲ್ಪ ದ್ರವ ಉಳಿದಿರೋ ತನಕ ಒತ್ತಡ ಹೆಚ್ಚು ಕಡಿಮೆ ಅಷ್ಟೇ ಇರುತ್ತೆ. ಎಷ್ಟಿದೆ ಅಂತ ತಿಳಿಯೋಕೆ ಇರೋ ಖಚಿತ ದಾರಿ ಒಂದೇ. ಗ್ಯಾಸನ್ನು ಯಂತ್ರದಿಂದ ಹೊರಗೆಳೆದು ತೂಗಿ ನೋಡೋದು.

ಎಲ್ಲಿ ಸೋರುತ್ತೆ?

ಗ್ಯಾಸ್ ಹೊರಬರುವಾಗ ಎಣ್ಣೆಯನ್ನೂ ತರುತ್ತೆ, ಎಣ್ಣೆಗೆ ಧೂಳು ಅಂಟುತ್ತೆ. ಪೈಪ್ ಜಾಯಿಂಟ್, ಕಂಡೆನ್ಸರ್ ಮೇಲೆ ಎಣ್ಣೆ ಕಲೆ ಕಂಡ್ರೆ ಅದೇ ಮೊದಲ ಸುಳಿವು.

ನಮ್ಮ ಕಡೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಹೆದ್ದಾರಿಯಲ್ಲಿ ಲಾರಿಯ ಹಿಂದೆ ಹೋಗುವಾಗ ಹಾರೋ ಜಲ್ಲಿಕಲ್ಲು ನೇರ ಬಡಿಯೋದು ಅದಕ್ಕೇ. ಎರಡನೆಯದು ಜಾಯಿಂಟಿನ ಓ-ರಿಂಗ್. ಕಚ್ಚಾ ರಸ್ತೆಯ ಕುಲುಕಾಟ, ಎಂಜಿನ್ ಬಿಸಿ ಸೇರಿ ರಬ್ಬರ್ ಗಟ್ಟಿಯಾಗುತ್ತೆ. ಮೂರನೆಯದು ಗ್ಯಾಸ್ ತುಂಬೋ ಬಾಯಿಯ ಪಿನ್ ವಾಲ್ವ್, ಸೈಕಲ್ ಟ್ಯೂಬಿನದ್ದರ ಹಾಗಿರುತ್ತೆ. ಅದರ ಮೇಲಿನ ಮುಚ್ಚಳವೂ ಸೀಲೇ, ಕಳೆದುಹೋಗಿದ್ರೆ ಹಾಕಿಸಿ. ನಾಲ್ಕನೆಯದು ಕಂಪ್ರೆಸರ್ ಶಾಫ್ಟ್ ಸೀಲ್. ತಿಂಗಳುಗಟ್ಟಲೆ ಎಸಿ ಹಾಕದೇ ಇದ್ರೆ ಎಣ್ಣೆ ತಾಗದೆ ಅದು ಒಣಗುತ್ತೆ. ಅದಕ್ಕೇ ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಕೊನೆಯದು, ಎಲ್ಲಕ್ಕಿಂತ ದುಬಾರಿಯದು, ಕೂಲಿಂಗ್ ಕಾಯಿಲ್. ಕೊಳೆತ ಎಲೆ, ಕಸ, ಸದಾ ತೇವ ಸೇರಿದ್ರೆ ಅಲ್ಯೂಮಿನಿಯಂ ತಿಂದುಹೋಗುತ್ತೆ.

ಹುಡುಕೋ ವಿಧಾನ

ಸೋಪಿನ ನೊರೆ ದೊಡ್ಡ ಸೋರಿಕೆಯನ್ನು ತೋರಿಸುತ್ತೆ, ಸಣ್ಣದನ್ನು ತೋರಿಸಲ್ಲ. ಎಲೆಕ್ಟ್ರಾನಿಕ್ ಡಿಟೆಕ್ಟರ್ ಸಣ್ಣದನ್ನೂ ಹಿಡಿಯುತ್ತೆ. ಈ ಗ್ಯಾಸ್ ಗಾಳಿಗಿಂತ ಭಾರ, ಕೆಳಗಿಳಿಯುತ್ತೆ. ಹಾಗಾಗಿ ಅದರ ಮೂತಿಯನ್ನು ಜಾಯಿಂಟಿನ ಕೆಳಭಾಗದಲ್ಲಿ ನಿಧಾನಕ್ಕೆ ಸರಿಸಬೇಕು. ಕೂಲಿಂಗ್ ಕಾಯಿಲ್ ಕಣ್ಣಿಗೆ ಕಾಣದು. ಅದಕ್ಕೆ ಬ್ಲೋವರ್ ಆಫ್ ಮಾಡಿ ಹತ್ತು, ಹದಿನೈದು ನಿಮಿಷ ಬಿಟ್ಟು ಡ್ರೈನ್ ಪೈಪಿನ ಬಾಯಲ್ಲಿ ಹಿಡಿದು ನೋಡ್ತಾರೆ. ಇನ್ನೊಂದು ಯುವಿ ಡೈ. ಬಣ್ಣ ಒಳಗೆ ಸೇರಿಸಿ, ಕೆಲವು ದಿನ ಕಾರ್ ಓಡಿಸಿ, ಆಮೇಲೆ ಯುವಿ ಟಾರ್ಚ್ ಹಾಕಿದ್ರೆ ಸೋರಿದ ಜಾಗ ಹಳದಿ ಹಸಿರಾಗಿ ಹೊಳೆಯುತ್ತೆ.

ಪೂರ್ತಿ ಖಾಲಿಯಾದ ಎಸಿಗೆ ಒಣ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತಾ ನೋಡೋದು ಒಳ್ಳೇ ಪದ್ಧತಿ. ಟೈರಿಗೆ ಹಾಕೋ ಕಂಪ್ರೆಸರ್ ಗಾಳಿ ಬೇಡ. ಅದರಲ್ಲಿ ತೇವ ಇರುತ್ತೆ. ಮೇಲಾಗಿ ಒತ್ತಡದಲ್ಲಿ ಗಾಳಿ ಜೊತೆ ಬೆರೆತ ಆರ್-134ಎ ಹೊತ್ತಿಕೊಳ್ಳಬಹುದು. "ವ್ಯಾಕ್ಯೂಮ್ ನಿಂತಿದೆ, ಲೀಕ್ ಇಲ್ಲ" ಅನ್ನೋ ಮಾತನ್ನೂ ಪೂರ್ತಿ ನಂಬೋ ಹಾಗಿಲ್ಲ. ವ್ಯಾಕ್ಯೂಮ್‌ನಲ್ಲಿ ಹೊರಗಿನ ಒತ್ತಡ 15 ಪಿಎಸ್‌ಐ ಕೂಡ ಇಲ್ಲ, ಎಸಿ ಓಡುವಾಗ ಒಳಗಿನದ್ದು 200 ದಾಟಬಹುದು.

ಸರಿ ಮಾಡೋದು ಅಂದ್ರೆ ಇಷ್ಟು

ಉಳಿದ ಗ್ಯಾಸನ್ನು ಯಂತ್ರಕ್ಕೆ ಎಳೆದುಕೊಂಡು ಜಾಯಿಂಟ್ ಬಿಚ್ಚಬೇಕು. ಓ-ರಿಂಗ್ ಎಸಿಯದ್ದೇ ಆಗಿರಬೇಕು, ಎಣ್ಣೆ ಸವರಿ ಕೂರಿಸಬೇಕು. ಕಂಡೆನ್ಸರ್ ತೂತಿಗೆ ಅಂಟು ಮೆತ್ತೋದು ಹೆಚ್ಚು ದಿನ ಬಾಳಲ್ಲ, ಬದಲಿಸೋದೇ ಸರಿ. ಕೂಲಿಂಗ್ ಕಾಯಿಲ್ ಆದ್ರೆ ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಇಳಿಸಬೇಕು, ಖರ್ಚಿನ ಬಹುಪಾಲು ಕೂಲಿಯೇ. ಒಳಗೆ ಗಾಳಿ ಹೊಕ್ಕಿದ್ರೆ ತೇವ ಹೀರೋ ಡ್ರೈಯರ್ ಬದಲಿಸಬೇಕು. ಹೊಸ ಭಾಗಕ್ಕೆ ತಕ್ಕಷ್ಟು ಎಣ್ಣೆ ಸೇರಿಸಬೇಕು. ಎಲೆಕ್ಟ್ರಿಕ್ ಕಾರಿಗೆ ಅದರದ್ದೇ ಎಣ್ಣೆ. ಬೇರೆ ಎಣ್ಣೆ ಹಾಕಿದ್ರೆ ಕರೆಂಟ್ ಸೋರೋ ಅಪಾಯ.

ಆಮೇಲೆ ವ್ಯಾಕ್ಯೂಮ್, ಕನಿಷ್ಠ ಅರ್ಧ ಗಂಟೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು ಹೊತ್ತು. ಯಾಕೆ? ಒತ್ತಡ ಸಾಕಷ್ಟು ಇಳಿದಾಗ 30 ಡಿಗ್ರಿಯಲ್ಲೇ ನೀರು ಕುದಿದು ಆವಿಯಾಗಿ ಹೊರಗೆ ಬರುತ್ತೆ. ತೇವ ಒಳಗೇ ಉಳಿದ್ರೆ ವಾಲ್ವ್‌ನಲ್ಲಿ ಮಂಜುಗಡ್ಡೆ ಕಟ್ಟುತ್ತೆ, ಲೋಹ ತಿನ್ನೋ ಆಮ್ಲ ಆಗುತ್ತೆ. ಕೊನೆಗೆ ಗ್ಯಾಸನ್ನು ತೂಗಿ ತುಂಬಬೇಕು. ಹೆಚ್ಚಾದ್ರೂ ತಂಪು ಕಡಿಮೆಯೇ.

ಎರಡು ಎಚ್ಚರಿಕೆ. ಆರ್-134ಎ ಕುದಿಯೋದು ಮೈನಸ್ 26 ಡಿಗ್ರಿಯಲ್ಲಿ. ಕೈಗೆ, ಕಣ್ಣಿಗೆ ಚಿಮ್ಮಿದ್ರೆ ಚರ್ಮ ಹೆಪ್ಪುಗಟ್ಟುತ್ತೆ. ಮನೆಯಲ್ಲಿ ನಟ್ ಸಡಿಲಿಸಬೇಡಿ. ಇನ್ನು, ಅಗ್ಗ ಅಂತ ಅಡುಗೆ ಗ್ಯಾಸಿನ ಜಾತಿಯ ಗ್ಯಾಸ್ ತುಂಬಿಸಿಕೊಳ್ಳಬೇಡಿ. ಕೂಲಿಂಗ್ ಕಾಯಿಲ್ ಸೋರಿದ್ರೆ ಅದು ನೀವು ಕೂತಿರೋ ಜಾಗಕ್ಕೇ ಬರುತ್ತೆ.

ಗಾಳಿಗೆ ಬಿಟ್ಟದ್ದು ಎಲ್ಲಿ ಹೋಗುತ್ತೆ?

ಆರ್-134ಎ ಓಝೋನ್ ಪದರಕ್ಕೆ ಹಾನಿ ಮಾಡಲ್ಲ. ಆದ್ರೆ ಭೂಮಿ ಬಿಸಿ ಮಾಡೋದರಲ್ಲಿ ಅದೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 1,430 ಪಟ್ಟು ಜೋರು. 450 ಗ್ರಾಂ ಸೋರಿ ಹೋದ್ರೆ ಸುಮಾರು 640 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಹತ್ತಿರ ಹತ್ತಿರ 280 ಲೀಟರ್ ಪೆಟ್ರೋಲ್ ಉರಿಸಿದ ಹಾಗೆ. ಇಂಥ ಗ್ಯಾಸುಗಳನ್ನು ಇಳಿಸಬೇಕು ಅಂತಲೇ 2016ರಲ್ಲಿ ಕಿಗಾಲಿ ಒಪ್ಪಂದ ಆಯ್ತು, ಭಾರತ 2021ರಲ್ಲಿ ಅನುಮೋದಿಸಿತು. ಹೊಸ ಕೆಲವು ಕಾರುಗಳಲ್ಲಿ ಆರ್-1234ವೈಎಫ್ ಬರ್ತಿದೆ. ಒಂದರ ಜಾಗಕ್ಕೆ ಇನ್ನೊಂದನ್ನು ತುಂಬೋ ಹಾಗಿಲ್ಲ.

ಮುಂದಿನ ಸಲ ಯಲ್ಲಾಪುರಕ್ಕೋ, ಶಿರಸಿಗೋ, ಹುಬ್ಬಳ್ಳಿಗೋ ಎಸಿ ಕೆಲಸಕ್ಕೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ. ಎಲ್ಲಿ ಸೋರ್ತಿದೆ, ತೋರಿಸ್ತೀರಾ? ಹಳೇ ಗ್ಯಾಸ್ ಎಷ್ಟು ಗ್ರಾಂ ಬಂತು? ವ್ಯಾಕ್ಯೂಮ್ ಎಷ್ಟು ಹೊತ್ತು ಹಾಕಿದ್ರಿ? ಹೊಸದು ಎಷ್ಟು ಗ್ರಾಂ ತುಂಬಿದ್ರಿ? ಉತ್ತರವನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ಮತ್ತೆ ತಂಪು ಇಳಿದ್ರೆ, ಎಷ್ಟು ದಿನಕ್ಕೆ ಎಷ್ಟು ಹೋಯ್ತು ಅನ್ನೋ ಲೆಕ್ಕ ಆ ಕಾಗದದಲ್ಲೇ ಸಿಗುತ್ತೆ.